ಇಳಕಲ್ಲಿನ ನೂಲು, ಆಲಮಟ್ಟಿಯ ಹಿನ್ನೀರು: ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಆಡುತ್ತಾ ಬಂದ ಮೇಲೆ

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತಾ ಕಥೆ ನಡೆಸುವ ಸೂಪರ್‌ಹೀರೋ ಪಾತ್ರಾಭಿನಯದ ಆಟಗಳಲ್ಲಿ ನಮ್ಮ ಗುಂಪು ಕೈಬಿಡದೆ ಉಳಿಸಿಕೊಂಡಿರುವುದು ಒಂದನ್ನೇ: ಗ್ರೀನ್ ರೋನಿನ್ ಪ್ರಕಾಶನದ ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್. ಸ್ಟೀವ್ ಕೆನ್ಸನ್ ರೂಪಿಸಿದ ಈ ಆಟ ಮೊದಲು ಬಂದದ್ದು 2002ರಲ್ಲಿ. ನಾವು ಬಳಸುವುದು 2011ರ ಮೂರನೆಯ ಆವೃತ್ತಿಯ ಹೀರೋಸ್ ಹ್ಯಾಂಡ್‌ಬುಕ್. ಬಾಗಲಕೋಟೆಯ ನವನಗರದಲ್ಲಿ ಭಾನುವಾರದ ಮಧ್ಯಾಹ್ನಗಳನ್ನು ವರ್ಷಗಳಿಂದ ಇದಕ್ಕೇ ಮೀಸಲಿಟ್ಟಿದ್ದೇವೆ. ಆಟ ನಡೆಸುವ ಸೂತ್ರಧಾರನ ಜಾಗದಲ್ಲಿ ಹೆಚ್ಚಾಗಿ ನಾನೇ ಕೂರುವುದರಿಂದ ಪಾತ್ರ ಕಟ್ಟುವ ಮತ್ತು ಊರು ಕಟ್ಟುವ ಎರಡೂ ಕೆಲಸ ನನ್ನ ಕೈಯಲ್ಲಿ ಹಾದುಹೋಗಿವೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಸೀಮೆಯ ನಾಯಕ ನಾಯಕಿಯರನ್ನು ನಮ್ಮ ಸೀಮೆಯಲ್ಲೇ ನಿಲ್ಲಿಸಿ ಆಡಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಆದರೆ ಪಾತ್ರವನ್ನು ಒಂದು ಕಡೆ, ಊರನ್ನು ಇನ್ನೊಂದು ಕಡೆ ಕಟ್ಟಿ ಆಮೇಲೆ ಜೋಡಿಸುತ್ತೇವೆಂದರೆ ಇದು ಬರೀ ಲೆಕ್ಕದ ಪುಸ್ತಕವಾಗಿ ಉಳಿದುಬಿಡುತ್ತದೆ.

ಆಟದ ಬುನಾದಿ ಹೀಗಿದೆ. ಕಥೆಯ ಎತ್ತರವನ್ನು ಪವರ್ ಲೆವೆಲ್ ಎಂಬ ಒಂದು ಸಂಖ್ಯೆ ನಿರ್ಧರಿಸುತ್ತದೆ. ಪ್ರತಿ ಲೆವೆಲ್‌ಗೆ 15 ಪಾಯಿಂಟ್. ಸಾಮಾನ್ಯವಾಗಿ ಆಡುವ ಲೆವೆಲ್ 10ಕ್ಕೆ 150. ಆ ಪಾಯಿಂಟ್‌ಗಳನ್ನು ಕೊಟ್ಟು ಬಲ, ಕೌಶಲ, ಶಕ್ತಿ ಎಲ್ಲವನ್ನೂ ಕೊಳ್ಳಬೇಕು. ಈ ಪುಸ್ತಕದ ದೊಡ್ಡ ಗುಣ ಶಕ್ತಿಗಳನ್ನು ಅದು ವಿಂಗಡಿಸಿರುವ ಬಗೆಯಲ್ಲಿದೆ. ಬೆಂಕಿಯ ಶಕ್ತಿ, ಮಂಜಿನ ಶಕ್ತಿ ಎಂದು ಅದು ಪಟ್ಟಿ ಮಾಡುವುದಿಲ್ಲ. ಗಾಯ ಮಾಡುವುದು, ಅಡ್ಡಿಪಡಿಸುವುದು, ವಸ್ತುವನ್ನು ಸೃಷ್ಟಿಸುವುದು, ಹಾರುವುದು ಎಂದು ಪರಿಣಾಮಗಳನ್ನು ಮಾತ್ರ ಕೊಡುತ್ತದೆ. ಆ ಪರಿಣಾಮ ಕಣ್ಣಿಗೆ ಹೇಗೆ ಕಾಣುತ್ತದೆ, ಕಿವಿಗೆ ಹೇಗೆ ಕೇಳುತ್ತದೆ ಎನ್ನುವುದು ಆಟಗಾರರಿಗೆ ಬಿಟ್ಟದ್ದು. ದೂರದಿಂದ ಗಾಯ ಮಾಡುವ ಶಕ್ತಿಗೆ ಸಿಡಿಲಿನ ರೂಪ ಕೊಟ್ಟರೂ ಗೋಳಗುಮ್ಮಟದ ಮಾರ್ದನಿಯ ರೂಪ ಕೊಟ್ಟರೂ ಬೆಲೆ ಒಂದೇ. ಹಾಗಾಗಿ ಅಮೆರಿಕದಲ್ಲಿ ಬರೆದ ಪುಸ್ತಕ ವಿಜಯಪುರದ ಪಾತ್ರಕ್ಕೆ ಎಲ್ಲಿಯೂ ಅಡ್ಡ ಬರುವುದಿಲ್ಲ.

ಒಂದು ಪಾತ್ರವನ್ನು ಬಿಡಿಸಿ ತೋರಿಸುತ್ತೇನೆ. ನಮ್ಮ ಗುಂಪಿನ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಕಟ್ಟಿದ ನಾಯಕಿಯ ಹೆಸರು ಲಾಳಿ. ಇಳಕಲ್ಲಿನ ನೇಕಾರರ ಮನೆಯ ಹುಡುಗಿ, ಕೈಬೆರಳಿನಿಂದ ನೂಲು ಹೊರಡಿಸಬಲ್ಲವಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಅದೇ ಕೈಚಳಕ ಅವಳ ಶಕ್ತಿಯ ಮೂಲ. ಎದುರಾಳಿಯನ್ನು ದೂರದಿಂದ ನೂಲಿನಲ್ಲಿ ಸುತ್ತುವ ಬಲೆಗೆ ಪುಸ್ತಕದಲ್ಲಿ ಸ್ನೇರ್ ಎನ್ನುತ್ತಾರೆ. ಆ ಶಕ್ತಿಯ ಪ್ರತಿ ಮಟ್ಟಕ್ಕೆ 3 ಪಾಯಿಂಟ್, 8ನೆಯ ಮಟ್ಟಕ್ಕೆ 24. ನೂಲಿನಿಂದ ಗೋಡೆ, ಏಣಿ, ಸೇತುವೆ ಹೆಣೆಯುವ ಕ್ರಿಯೇಟ್ ಮತ್ತು ನೂಲನ್ನು ಚಾಟಿಯಂತೆ ಬೀಸುವ ದೂರದ ಡ್ಯಾಮೇಜ್, ಎರಡಕ್ಕೂ ಮಟ್ಟಕ್ಕೆ 2ರಂತೆ ತಲಾ 16. ಮೂರನ್ನೂ ಬೇರೆಬೇರೆಯಾಗಿ ಕೊಂಡರೆ 56 ಪಾಯಿಂಟ್ ಖರ್ಚು. ಬಲೆಯನ್ನು ಮುಖ್ಯವಾಗಿಟ್ಟು ಉಳಿದೆರಡನ್ನು ಅದರ ಪರ್ಯಾಯಗಳಾಗಿ ಬರೆದುಕೊಂಡರೆ ಪ್ರತಿ ಪರ್ಯಾಯಕ್ಕೆ ಒಂದೇ ಪಾಯಿಂಟ್, ಒಟ್ಟು 26ಕ್ಕೆ ಕೆಲಸ ಮುಗಿಯುತ್ತದೆ. ಷರತ್ತು ಇಷ್ಟೇ: ಒಂದು ಸಮಯಕ್ಕೆ ಒಂದೇ ಶಕ್ತಿ ನಡೆಯುತ್ತದೆ.

ಕಾಗದದ ಮೇಲೆ ಇದು ಅಗ್ಗದ ವ್ಯಾಪಾರ. ಅದರ ನಿಜವಾದ ಬೆಲೆ ತಿಳಿದದ್ದು ಕೊರ್ತಿ–ಕೊಲ್ಹಾರ ಸೇತುವೆಯ ಮೇಲೆ ಆಡಿದ ಪ್ರಸಂಗದಲ್ಲಿ. ಕುಸಿಯುತ್ತಿರುವ ಕಮಾನನ್ನು ಲಾಳಿ ನೂಲು ಹೆಣೆದು ಹಿಡಿದಿದ್ದಾಳೆ, ಮೇಲೆ ಜನ ತುಂಬಿದ ಬಸ್ಸಿದೆ, ಖಳನಾಯಕ ಅವಳ ಕಣ್ಣೆದುರೇ ನಡೆದು ಹೋಗುತ್ತಿದ್ದಾನೆ. 'ಅಣ್ಣಾ, ಸೇತುವೆ ಹಿಡಿದುಕೊಂಡೇ ಅವನನ್ನು ಕಟ್ಟಿಹಾಕಲು ಬರುವುದಿಲ್ಲವೇ?' ಎಂದು ಆಟಗಾರ್ತಿ ಕೇಳಿದಳು. ಬರುವುದಿಲ್ಲ. ಬಲೆ ಬೀಸಿದರೆ ಸೇತುವೆಯ ನೂಲು ಮಾಯವಾಗುತ್ತದೆ. ಅವಳು ಸೇತುವೆಯನ್ನು ಬಿಡಲಿಲ್ಲ. ಯಾರೂ ಬರೆದುಕೊಡದ ಆ ಸನ್ನಿವೇಶ ಒಂದು ಲೆಕ್ಕದ ನಿಯಮದಿಂದ ಹುಟ್ಟಿತು. ಇಂಥದ್ದಕ್ಕಾಗಿಯೇ ನಾನು ಈ ಪುಸ್ತಕವನ್ನು ಮೆಚ್ಚುತ್ತೇನೆ.

ಮಿತಿಗಳೂ ಹೀಗೆಯೇ ಪಾತ್ರಕ್ಕೆ ಸ್ವಭಾವ ಕೊಡುತ್ತವೆ. ಲೆವೆಲ್ 10ರಲ್ಲಿ ಗುರಿಯ ಅಂಕವೂ ಏಟಿನ ಮಟ್ಟವೂ ಸೇರಿ 20 ದಾಟುವಂತಿಲ್ಲ. ತಪ್ಪಿಸಿಕೊಳ್ಳುವ ಅಂಕಕ್ಕೂ ತಾಳಿಕೊಳ್ಳುವ ಅಂಕಕ್ಕೂ ಇದೇ ಕಟ್ಟು. ಲಾಳಿಯ ಬಲೆ 8ರದ್ದಾದ್ದರಿಂದ ಗುರಿ 12ರವರೆಗೆ ಏರಬಹುದು. ಅವಳ ನೂಲು ತಪ್ಪುವುದು ಅಪರೂಪ, ಆದರೆ ಗಟ್ಟಿಗರು ಅದನ್ನು ಹರಿದುಕೊಂಡು ಹೊರಬರಬಲ್ಲರು.

ಅಳತೆಯ ಕೋಷ್ಟಕದ ಬಗ್ಗೆ ಎರಡು ಮಾತು. ತೂಕ, ದೂರ, ಸಮಯ ಎಲ್ಲವೂ ಒಂದೇ ಏಣಿಯ ಮೇಲಿವೆ, ಒಂದೊಂದು ಮೆಟ್ಟಿಲಿಗೂ ಸುಮಾರು ಎರಡು ಪಟ್ಟು. ಬಲದ ಮಟ್ಟ 10 ಇದ್ದವರು 25 ಟನ್ ಎತ್ತುತ್ತಾರೆ, 11 ಇದ್ದವರು 50, 12 ಇದ್ದವರು 100. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ತೂಕ ಸುಮಾರು 55 ಟನ್ ಎನ್ನುತ್ತಾರೆ. ಅಂದರೆ 11 ಸಾಲದು, 12 ಬೇಕು, ಮಟ್ಟಕ್ಕೆ 2ರಂತೆ ಪಾಯಿಂಟ್‌ನಲ್ಲಿ 24. ಎತ್ತು ಆನೆಗಳನ್ನು ಕಟ್ಟಿ ಎಳೆದು ತಂದರೆಂದು ಹೇಳುವ ಆ ತೋಪನ್ನು ಒಬ್ಬಳೇ ಹೆಗಲ ಮೇಲೆ ಹೊತ್ತು ಬುರುಜು ಇಳಿಯುವ ಪಾತ್ರ ಬೇಕೆಂದು ನಮ್ಮ ಗುಂಪಿನ ಶಿಕ್ಷಕಿ ಕೇಳಿದಾಗ, ಉತ್ತರವನ್ನು ಊಹಿಸದೆ ಕೋಷ್ಟಕ ನೋಡಿ ಹೇಳಿದೆ. ಅಡಿ ಮತ್ತು ಪೌಂಡುಗಳಲ್ಲಿರುವ ಈ ಕೋಷ್ಟಕವನ್ನು ಮೀಟರ್, ಕಿಲೋಗೆ ಬದಲಿಸಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಆಟ ಸರಾಗವಾಗುತ್ತದೆ.

ಈಗ ಊರಿನ ವಿಷಯ. ಈ ಆಟಕ್ಕೆಂದೇ ಫ್ರೀಡಂ ಸಿಟಿ ಎಂಬ ಕಾಲ್ಪನಿಕ ಅಮೆರಿಕನ್ ನಗರದ ಪುಸ್ತಕವಿದೆ; ಅದು ಮೊದಲು ಬಂದದ್ದು 2003ರಲ್ಲಿ. ಓದಲು ಸೊಗಸು, ಬಡಾವಣೆಗಳು, ಸಂಸ್ಥೆಗಳು, ತಲೆಮಾರುಗಳ ನಾಯಕರು ಎಲ್ಲ ಇದ್ದಾರೆ. ಆದರೂ ಆ ನಗರದಲ್ಲಿ ಆಡುವಾಗ ನಮ್ಮವರು ಪ್ರವಾಸಿಗರಂತೆ ಮಾತನಾಡುತ್ತಿದ್ದರು. ಅದರ ಅಚ್ಚನ್ನು ಇಟ್ಟುಕೊಂಡು ಒಳಗಿನದ್ದನ್ನು ಬದಲಿಸಿದೆವು. ನಮಗೆ ದೂರ ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಒಂದು ಭಾಗ ಮುಳುಗಿ, ಸೆಕ್ಟರ್‌ಗಳಾಗಿ ವಿಂಗಡಿಸಿದ ನವನಗರ ಎದ್ದ ಊರಿದು. ಮುಳುಗಡೆ ಎನ್ನುವುದು ಇಲ್ಲಿ ಪ್ರತಿ ಮನೆಯ ಮಾತು. ಜಲಾಶಯದ ಪೂರ್ಣ ಮಟ್ಟ 519.60 ಮೀಟರ್, ಮಳೆಗಾಲದಲ್ಲಿ ನೀರು ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ನೀರಿನ ಮಟ್ಟವನ್ನೇ ನಮ್ಮ ಕಥೆಯ ಪಂಚಾಂಗ ಮಾಡಿಕೊಂಡೆವು. ಮಳೆಗಾಲದ ಪ್ರಸಂಗಗಳಲ್ಲಿ ದೋಣಿ ಬೇಕು, ಬೇಸಿಗೆಯಲ್ಲಿ ಹಳೆಯ ಓಣಿಗಳು ಬಯಲಾಗಿ ಅಲ್ಲಿ ಹೂತದ್ದೆಲ್ಲ ಹೊರಬೀಳುತ್ತದೆ.

ಈ ಪಂಚಾಂಗದಿಂದ ಹುಟ್ಟಿದ ನಾಯಕ ಅಂಬಿಗ. ಹಿನ್ನೀರು ತುಂಬಿದಾಗ ಅವನ ಬಲ ತುಂಬುತ್ತದೆ, ಇಳಿದಾಗ ಇಳಿಯುತ್ತದೆ. ಇಂಥ ದೌರ್ಬಲ್ಯವನ್ನು ಬರೆಯಲು ಪುಸ್ತಕದಲ್ಲಿ ಎರಡು ದಾರಿಗಳಿವೆ, ಇವುಗಳ ವ್ಯತ್ಯಾಸ ತಿಳಿದರೆ ಅರ್ಧ ಪುಸ್ತಕ ತಿಳಿದಂತೆ. ಶಕ್ತಿಗೇ ಮಿತಿ ಹಾಕಿದರೆ ಅದರ ಬೆಲೆ ಇಳಿಯುತ್ತದೆ, ಉಳಿದ ಪಾಯಿಂಟ್ ಬೇರೆಡೆಗೆ ಸಿಗುತ್ತದೆ. ಅದನ್ನೇ ಕಾಂಪ್ಲಿಕೇಶನ್ ಎಂದು, ಅಂದರೆ ಬದುಕಿನ ತೊಡಕೆಂದು ಬರೆದುಕೊಂಡರೆ ಬೆಲೆ ಇಳಿಯುವುದಿಲ್ಲ. ಸೂತ್ರಧಾರ ಆ ತೊಡಕನ್ನು ಕಥೆಗೆ ತಂದಾಗಲೆಲ್ಲ ಆಟಗಾರನಿಗೆ ಒಂದು ಹೀರೋ ಪಾಯಿಂಟ್ ದಕ್ಕುತ್ತದೆ. ಆ ಪಾಯಿಂಟ್ ಕೊಟ್ಟು ಆಟದ ಇಪ್ಪತ್ತು ಮುಖದ ದಾಳವನ್ನು ಮತ್ತೊಮ್ಮೆ ಉರುಳಿಸಬಹುದು, ಎರಡನೆಯ ಸಲ 10 ಅಥವಾ ಕಡಿಮೆ ಬಿದ್ದರೆ ಅದಕ್ಕೆ 10 ಸೇರುತ್ತದೆ. ಅಂಬಿಗನಿಗೆ ನಾವು ಎರಡನೆಯ ದಾರಿ ಹಿಡಿದೆವು. ಬೇಸಿಗೆಯಲ್ಲಿ ಸೋಲುತ್ತಾ ಸೋಲುತ್ತಾ ಗಳಿಸಿದ್ದನ್ನು ಅವನು ಆ ಪ್ರಸಂಗದ ಕೊನೆಯ ಹೊಡೆದಾಟದಲ್ಲಿ ಖರ್ಚು ಮಾಡುತ್ತಾನೆ. ಲಾಳಿಯ ತೊಡಕು ಮಗ್ಗದ ಸಾಲ. ಬೇಕಾದ ಹೊತ್ತಿಗೇ ಸಾಹುಕಾರ ಬಾಗಿಲು ಬಡಿಯುತ್ತಾನೆ, ಆಟಗಾರ್ತಿ ನಗುತ್ತಾ ಕೈ ಚಾಚಿ ತನ್ನ ಪಾಯಿಂಟ್ ಕೇಳುತ್ತಾಳೆ. ಪಾತ್ರ ಕಟ್ಟುವಾಗ ಎಲ್ಲರೂ ಶಕ್ತಿಯ ಪುಟಗಳಲ್ಲಿ ಮುಳುಗುತ್ತಾರೆ, ತೊಡಕಿನ ಜಾಗದಲ್ಲಿ ಒಂದು ಸಾಲು ಗೀಚಿ ಬಿಡುತ್ತಾರೆ. ನನ್ನ ಮೇಜಿನಲ್ಲಿ ತೊಡಕು ಮೊದಲು, ಶಕ್ತಿ ಆಮೇಲೆ. ಪಾತ್ರವನ್ನು ಊರಿಗೆ ಕಟ್ಟಿಹಾಕುವ ಹಗ್ಗ ಅದೊಂದೇ.

ತಂಡದ ನೆಲೆಯನ್ನೂ ಕೊಳ್ಳಬಹುದು. ಒಂದು ಪಾಯಿಂಟ್‌ಗೆ ಸಲಕರಣೆಯ ಐದು ಪಾಯಿಂಟ್ ಬರುತ್ತವೆ, ನೆಲೆಯ ಒಂದೊಂದು ಸೌಲಭ್ಯಕ್ಕೆ ಅದರಲ್ಲಿ ಒಂದು. ಎಲ್ಲರೂ ಕೂಡಿಸಿ ಕೊಂಡದ್ದು ಕೆಳ ಅಂತಸ್ತು ನೀರಿನಲ್ಲಿರುವ ಒಂದು ಹಳೆಯ ವಾಡೆಯನ್ನು. ಅದರಲ್ಲಿ ದೋಣಿಗಟ್ಟೆ, ಕಾರ್ಯಾಗಾರ ಮತ್ತು ಗ್ರಂಥಾಲಯ ಇವೆ.

ಖಳನಾಯಕರಿಗೆ ಪುಸ್ತಕ ಪಾಯಿಂಟ್‌ನ ಕಡಿವಾಣ ಹಾಕುವುದಿಲ್ಲ. ಗಡಿಕಲ್ಲು ಎಂಬ ನಮ್ಮ ಖಳನಾಯಕ ಒಬ್ಬ ಮೋಜಣಿದಾರ. ಅವನು ಕಲ್ಲು ನೆಟ್ಟ ಜಾಗದೊಳಗೆ ಇದ್ದವರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಎದುರಾಳಿಯನ್ನು ಅಡ್ಡಿಪಡಿಸುವ ಅಫ್ಲಿಕ್ಷನ್ ಎಂಬ ಪರಿಣಾಮಕ್ಕೆ ಏರಿಯಾ, ಅಂದರೆ ಇಡೀ ಜಾಗಕ್ಕೆ ಹರಡುವ ಗುಣ, ಸೇರಿಸಿದ್ದೇವೆ, ಹಾಗಾಗಿ ಅವನು ಗುರಿ ಹಿಡಿಯಬೇಕಾದ್ದೇ ಇಲ್ಲ. ಮುಳುಗಡೆಯ ಪರಿಹಾರ ಸಿಗದೆ ಸತ್ತ ತಂದೆಯ ಹೊಲವನ್ನು ನೀರಿನಿಂದ ಮರಳಿ ಪಡೆಯುವುದು ಅವನ ಹಟ. ಅವನು ಹೇಳುವುದರಲ್ಲಿ ನ್ಯಾಯವಿದೆ, ಹಾಗಾಗಿ ಅವನನ್ನು ಹೊಡೆಯುವ ಮುನ್ನ ನಮ್ಮವರು ಪ್ರತಿ ಸಲವೂ ವಾದಕ್ಕಿಳಿಯುತ್ತಾರೆ. ಕೇವಲ ಅಂಕಗಳಿಂದ ಕಟ್ಟಿದ ಖಳನಾಯಕರು ಯಾರೂ ನಮ್ಮಲ್ಲಿ ಇಷ್ಟು ಕಾಲ ಬಾಳಲಿಲ್ಲ.

ಕುಂದುಗಳು ಇಲ್ಲದಿಲ್ಲ. ಮೊದಲ ಪಾತ್ರ ಕಟ್ಟಲು ಇಡೀ ಮಧ್ಯಾಹ್ನ ಬೇಕು. ಪರ್ಯಾಯ ಶಕ್ತಿಗಳು ಅಗ್ಗವಾದ್ದರಿಂದ ಲೆಕ್ಕದಲ್ಲಿ ಚುರುಕಾದವರು ಹತ್ತು ಶಕ್ತಿಗಳನ್ನು ಪೇರಿಸಿಕೊಳ್ಳಬಹುದು, ಪಕ್ಕದವರ ಪಾತ್ರ ಮಂಕಾಗುತ್ತದೆ. ಅದನ್ನು ತಡೆಯುವ ಹೊಣೆ ಪೂರ್ತಿ ಸೂತ್ರಧಾರನದು. ಏಟು ಬಿದ್ದಂತೆಲ್ಲ ಇಳಿಯುವ ಜೀವಾಂಕ ಎಂಬುದಿಲ್ಲ, ಪ್ರತಿ ಏಟಿಗೂ ತಾಳಿಕೆಯ ದಾಳ ಉರುಳಿಸಬೇಕು, ದಾಳ ಕೈಕೊಟ್ಟರೆ ಗಟ್ಟಿ ನಾಯಕನೂ ಬೇಗ ಉರುಳುತ್ತಾನೆ. ತತ್ತರಿಸುವುದು, ಮಂಕಾಗುವುದು ಮುಂತಾದ ಸ್ಥಿತಿಗಳ ಪಟ್ಟಿ ಉದ್ದವಾಗಿದೆ, ಬಾಯಿಪಾಠವಾಗುವುದಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿದೆ. ಲೆಕ್ಕ ಒಲ್ಲದ ಹರೆಯದವರ ಗುಂಪಿದ್ದರೆ 2016ರ ಮಾಸ್ಕ್ಸ್ ಎಂಬ ಇನ್ನೊಂದು ಸೂಪರ್‌ಹೀರೋ ಆಟ ಹೆಚ್ಚು ಹೊಂದುತ್ತದೆ. ಅದರಲ್ಲಿ ಎರಡು ಸಾಮಾನ್ಯ ದಾಳ ಸಾಕು, ಶಕ್ತಿಗಿಂತ ಹುಡುಗ ಹುಡುಗಿಯರ ಮನಸ್ಸಿನ ಏರಿಳಿತಕ್ಕೆ ಅಲ್ಲಿ ಬೆಲೆ. ನಮಗೆ ಮಾತ್ರ ತೋಪು ಎತ್ತುವವರ ಲೆಕ್ಕ ಬೇಕಿತ್ತು.

ಕೊಳ್ಳುವವರು ಅವಸರಪಡಬೇಕಿಲ್ಲ. ನಿಯಮಗಳ ಬಹುಪಾಲು ಮುಕ್ತ ಪರವಾನಗಿಯಡಿ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಅದರಿಂದ ಒಂದು ಪ್ರಸಂಗ ಆಡಿ, ಹಿಡಿಸಿದರೆ ಪುಸ್ತಕ ತರಿಸಿಕೊಳ್ಳಿ. ಇಪ್ಪತ್ತು ಮುಖದ ದಾಳ ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗಲಿಲ್ಲ, ಮೊಬೈಲ್‌ನಲ್ಲೂ ಉರುಳಿಸಬಹುದು. ಹೊಸಬರು ಲೆವೆಲ್ 8ರಿಂದ, ಅಂದರೆ 120 ಪಾಯಿಂಟ್‌ನಿಂದ ಶುರು ಮಾಡಲಿ. ಸ್ಥಿತಿಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಪ್ರತಿಯೊಬ್ಬರ ಮುಂದೆ ಒಂದೊಂದು ಪ್ರತಿ ಇಡಿ, ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.