ಹೊಸ ಎ.ಸಿ., ಹಳೇ ಎಡಿಷನ್: ನಮ್ಮ ಕಾಲೇಜು ಲೈಬ್ರರಿಗೆ ಐದಕ್ಕೆ ಎರಡೂವರೆ

ದಾವಣಗೆರೆಯಲ್ಲಿ ಎಂಬಿಬಿಎಸ್ ಮೂರನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಹೆಸರು ಹಾಕುವುದಿಲ್ಲ, ಇನ್ನೂ ಪಾಸಾಗಬೇಕಲ್ವಾ. ರಜೆ ಮುಗಿಸಿ ಬರುವಷ್ಟರಲ್ಲಿ ನಮ್ಮ ಲೈಬ್ರರಿ ಪೂರ್ತಿ ಹೊಸದಾಗಿತ್ತು. ಟೈಲ್ಸ್, ಗಾಜಿನ ಬಾಗಿಲು, ತಿರುಗುವ ಕುರ್ಚಿ, ಎ.ಸಿ.

ಎ.ಸಿ.ಗೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಏಪ್ರಿಲ್ ತಿಂಗಳಲ್ಲಿ ಹಾಸ್ಟೆಲ್‌ನ ಮೇಲಿನ ಮಹಡಿ ಥೇಟ್ ಮಂಡಕ್ಕಿ ಭಟ್ಟಿ, ಅಲ್ಲಿ ಕೂತು ಯಾರು ಫಾರ್ಮಕಾಲಜಿ ಓದುತ್ತಾರೆ? ಕುರ್ಚಿಯೂ ಚೆನ್ನಾಗಿದೆ, ಜಾಸ್ತಿನೇ ಚೆನ್ನಾಗಿದೆ, ಊಟ ಆದ ಮೇಲೆ ಕೂತರೆ ನಿದ್ದೆ ಗ್ಯಾರಂಟಿ.

ಈಗ ಪುಸ್ತಕದ ವಿಷಯ. ಪೊಲೀಸ್, ಕೋರ್ಟ್ ಕೇಸಿಗೆ ಬೇಕಾಗುವ ವೈದ್ಯಶಾಸ್ತ್ರ, ಅಂದರೆ ಫೊರೆನ್ಸಿಕ್ ಮೆಡಿಸಿನ್ ರ್‍ಯಾಕ್‌ಗೆ ಹೋದೆ. ಹತ್ತು ಹನ್ನೆರಡು ಪ್ರತಿ ಇವೆ, ಎಲ್ಲದರಲ್ಲೂ ಇನ್ನೂ ಹಳೇ ಕ್ರಿಮಿನಲ್ ಕಾನೂನುಗಳಾದ ಐಪಿಸಿ, ಸಿಆರ್‌ಪಿಸಿ. 2024ರ ಜುಲೈ 1ರಿಂದ ಅವೆರಡೂ ಹೋಗಿ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಸೆಕ್ಷನ್ ನಂಬರ್ ಮಾತ್ರ ಬದಲಾಗಿದ್ದರೆ ಹೇಗೋ ಬಾಯಿಪಾಠ ಮಾಡಬಹುದಿತ್ತು. ತೀವ್ರ ಗಾಯ ಅಂತ ಬರೆಯಲು ಹಳೇ ಐಪಿಸಿ 320ರಲ್ಲಿ 20 ದಿನದ ನೋವು ಬೇಕಿತ್ತು, ಈಗಿನ ನ್ಯಾಯ ಸಂಹಿತೆಯ 116ರಲ್ಲಿ 15 ದಿನ ಸಾಕು. ನಿರ್ಲಕ್ಷ್ಯದಿಂದ ಸಾವಾದರೆ ಹಳೇ 304ಎ, ಈಗ 106. ಅದರಲ್ಲಿ ಬೇರೆಯವರಿಗೆ 5 ವರ್ಷದವರೆಗೆ ಶಿಕ್ಷೆ, ಚಿಕಿತ್ಸೆ ಮಾಡುವಾಗ ಹಾಗಾದರೆ ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ. ನಾಳೆ ನಮ್ಮ ತಲೆ ಮೇಲೇ ಬರುವ ಸೆಕ್ಷನ್ ಇದು. ಹಳೇ ಪುಸ್ತಕ ನೋಡಿ ಇಂಟರ್ನಲ್ಸ್‌ನಲ್ಲಿ 20 ದಿನ ಅಂತ ಬರೆದು ಮಾರ್ಕ್ಸ್ ಕಳೆದುಕೊಂಡವರಲ್ಲಿ ನಾನೂ ಒಬ್ಬ.

ಮೆಡಿಸಿನ್ ರ್‍ಯಾಕಿನದೂ ಅದೇ ಕತೆ. ಸೆಪ್ಸಿಸ್ (ಸೋಂಕಿನಿಂದ ದೇಹವೇ ಹದಗೆಟ್ಟು ಜೀವಕ್ಕೆ ಅಪಾಯವಾಗುವ ಸ್ಥಿತಿ) ಅಂದರೆ ಏನು ಅನ್ನುವ ವ್ಯಾಖ್ಯೆಯೇ 2016ರಲ್ಲಿ ಬದಲಾಯಿತು, ನನ್ನ ಕೈಗೆ ಸಿಕ್ಕ ಪ್ರತಿ ಅದಕ್ಕೂ ಮುಂಚಿನದು. ಹೊಸ ಎಡಿಷನ್ ಒಂದೇ ಒಂದಿದೆ. ಅದು ರೆಫರೆನ್ಸ್ ಸೆಕ್ಷನ್‌ನ ಗಾಜಿನ ಬೀರುವಿನಲ್ಲಿ, ಬೀಗದೊಳಗೆ. ಬೀಗದ ಕೈ ಇರುವ ಮೇಡಂ ಸಂಜೆ ಐದಕ್ಕೆ ಮನೆಗೆ ಹೋಗುತ್ತಾರೆ. ನಮ್ಮ ವಾರ್ಡ್, ಕ್ಲಾಸು ಮುಗಿಯುವುದು ಯಾವಾಗ ಅಂತ ಅವರನ್ನಾದರೂ ಕೇಳಿ, ನಮ್ಮನ್ನಾದರೂ ಕೇಳಿ.

ರಾತ್ರಿ ಎಂಟಕ್ಕೆ ಲೈಬ್ರರಿಯೇ ಬಂದ್. ಏಳೂ ಮುಕ್ಕಾಲಿಗೇ ವಾಚ್‌ಮನ್ ಯಜಮಾನ್ರು ಒಂದೊಂದೇ ಲೈಟ್ ಆರಿಸುತ್ತಾ ಬಂದು "ಏಳ್ರಿ ಡಾಕ್ಟ್ರೇ, ಟೈಮ್ ಆತು" ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ ಪಾಪ. ಆಮೇಲೆ ಅರ್ಧ ಕ್ಲಾಸ್ ತಿಂಗಳ ಫೀಸು ಕೊಟ್ಟು ಹೊರಗಿನ ರೀಡಿಂಗ್ ರೂಮ್‌ಗೆ ಹೋಗುತ್ತದೆ, ಉಳಿದರ್ಧ ಮಿರ್ಚಿ ಮಂಡಕ್ಕಿ ಅಂಗಡಿಗೆ. ಪರೀಕ್ಷೆ ತಿಂಗಳಲ್ಲಾದರೂ ಹನ್ನೊಂದರವರೆಗೆ ತೆಗೆದಿಟ್ಟರೆ ಆ ಎ.ಸಿ. ಹಾಕಿಸಿದ್ದಕ್ಕೂ ಅರ್ಥ ಬರುತ್ತಿತ್ತು.

ಗೊತ್ತಿಲ್ಲದವರಿಗೆ ಒಂದು ಮಾತು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಆನ್‌ಲೈನ್ ಲೈಬ್ರರಿ ಹೆಲಿನೆಟ್ 2003ರಿಂದಲೇ ಇದೆ, ಜರ್ನಲ್ಲು, ಇ-ಬುಕ್ಕು ಎಲ್ಲಾ ಅದರಲ್ಲಿ ಸಿಗುತ್ತವೆ. ನನಗೆ ಇದು ಗೊತ್ತಾಗಿದ್ದು ಮೂರನೇ ವರ್ಷದಲ್ಲಿ, ಅದೂ ಕ್ಯಾಂಟೀನಿನಲ್ಲಿ ಒಬ್ಬ ಸೀನಿಯರ್ ಬಾಯಿಂದ. ನಮ್ಮ ಕೌಂಟರ್‌ನಲ್ಲಿ ಲಾಗಿನ್ ಕೇಳಿದರೆ "ಅದು ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳಿಗಪ್ಪಾ" ಅಂದುಬಿಟ್ಟರು. ಎಚ್‌ಒಡಿ ಸರ್ ಹತ್ತಿರ ಹೋಗಿ ಹೇಳಿದ ಮೇಲೆ ಎರಡೇ ದಿನದಲ್ಲಿ ಸಿಕ್ಕಿತು. ಅಲ್ಲಿಯವರೆಗೆ ಸುಮ್ನೆ ಕೂರಬೇಕಿಲ್ಲ, ವೈದ್ಯಕೀಯ ಲೇಖನಗಳ ಉಚಿತ ವೆಬ್‌ಸೈಟ್ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಲಾಗಿನ್ ಇಲ್ಲದೆಯೇ ಪೂರ್ತಿ ಲೇಖನ ಓದಬಹುದು.

ಫಸ್ಟ್ ಇಯರ್ ಮಕ್ಕಳ ಪರವಾಗಿ ಇನ್ನೊಂದು. ಅನಾಟಮಿ ಓದಲು ಬೇಕಾದ ಬೋನ್ ಸೆಟ್ಟನ್ನೂ (ಮೂಳೆಗಳ ಸೆಟ್) ಪುಸ್ತಕದ ಹಾಗೆ ವಾರಕ್ಕೊಮ್ಮೆ ಇಶ್ಯೂ ಮಾಡಿ ಸ್ವಾಮಿ. ಒಂದು ಸೆಟ್‌ಗೆ ಸೀನಿಯರ್‌ಗಳ ರೂಮಿಂದ ರೂಮಿಗೆ ಅಲೆದು, ಕೊನೆಗೆ ಮಣಿಕಟ್ಟಿನ ಕಾರ್ಪಲ್ ಮೂಳೆ ಒಂದು ಕಮ್ಮಿ ಇರುವ ಸೆಟ್ ತಂದು ಓದಿದವನು ನಾನು.

ಹೋಗುವವರು ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಕಿಟಕಿ ಪಕ್ಕದ ಮೂರನೇ ಟೇಬಲ್‌ನ ಪ್ಲಗ್‌ನಲ್ಲಿ ಕರೆಂಟ್ ಬರುವುದಿಲ್ಲ, ಲ್ಯಾಪ್‌ಟಾಪ್ ಮೊದಲೇ ಚಾರ್ಜ್ ಮಾಡಿಕೊಂಡಿರಿ.