ಆನೆಗೊಂದಿ ದಾರಿಗೆ ಯಾವ ಸೈಕಲ್? ಮೂರನ್ನೂ ತುಳಿದು ನೋಡಿದೆ

ಗಂಗಾವತಿಯಿಂದ ಆನೆಗೊಂದಿಗೆ ಸುಮಾರು 12 ಕಿಲೋಮೀಟರ್. ಅಲ್ಲಿಂದ ಮುಂದೆ ಹನುಮಂತನ ಬೆಟ್ಟ ಅಂಜನಾದ್ರಿ, ಸಾಣಾಪುರ. ಕೊನೆಗೆ ತುಂಗಭದ್ರೆಯ ಎರಡು ಸೀಳಿನ ನಡುವೆ ಕೂತಿರುವ ವಿರುಪಾಪುರಗಡ್ಡಿ. ಈ ದಾರಿಯಲ್ಲಿ ವಾರಕ್ಕೆ ಮೂರು ನಾಲ್ಕು ಸಲ ಸೈಕಲ್ ತುಳಿಯುತ್ತೇನೆ. ಹೋದ ಸುಗ್ಗಿಯಿಂದ ಈ ಸುಗ್ಗಿಯವರೆಗೆ ಮೂರು ಸೈಕಲ್‌ಗಳನ್ನು ಇಲ್ಲೇ ಓಡಿಸಿ ನೋಡಿದೆ. ಒಂದು ಅಪ್ಪನ ಹಳೇ ಕಾಲದ, ಗೇರಿಲ್ಲದ ಕರೀ ಸೈಕಲ್ಲು, ಒಂದು ನನ್ನ 21 ಗೇರಿನದು, ಇನ್ನೊಂದು ತಮ್ಮ ತಂದ ಬ್ಯಾಟರಿ ಸೈಕಲ್ಲು.

ದಾರಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕಡೆಬಾಗಿಲು ಊರಿನವರೆಗೆ ಗದ್ದೆಗಳ ನಡುವೆ ಹೆಚ್ಚುಕಡಿಮೆ ಸಮತಟ್ಟು. ಆಮೇಲೆ ಬಂಡೆಗಳ ಸಂದಿಯಲ್ಲಿ ರಸ್ತೆ ತಿರುಗುತ್ತದೆ, ಏರಿಳಿತ ಶುರುವಾಗುತ್ತದೆ. ತಿರುವಿಗೆ ಹೋಗುವವರೆಗೂ ಎದುರಿನ ಗಾಡಿ ಕಾಣುವುದಿಲ್ಲ. ಬುಕ್ಕಸಾಗರದ ಸೇತುವೆ ದಾಟಿ ಹೊಸಪೇಟೆ ಕಡೆಯ ಗಾಡಿಗಳೂ ಇಲ್ಲಿಗೇ ಬಂದು ಸೇರುತ್ತವೆ. ಶನಿವಾರವಾದರೆ ಅಂಜನಾದ್ರಿಗೆ ಹೋಗುವ ಕಾರು, ಟಂಟಂ ಆಟೊ ಬಿಡುವಿಲ್ಲದೆ ಓಡುತ್ತವೆ. ಸುಗ್ಗಿಯಲ್ಲಿ ಹುಲ್ಲಿನ ಟ್ರ್ಯಾಕ್ಟರ್ ಬಂತೆಂದರೆ ಟ್ರಾಲಿಯ ಎರಡೂ ಕಡೆ ಹುಲ್ಲು ಒಂದೊಂದು ಮೊಳ ಚಾಚಿರುತ್ತದೆ. ಅರ್ಧ ರಸ್ತೆಗೆ ನೆಲ್ಲು ಒಣಹಾಕಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಇನ್ನರ್ಧದಲ್ಲೇ ಎಲ್ಲರೂ ಹೋಗಬೇಕು. ಎಷ್ಟೋ ಕಡೆ ಡಾಂಬರು ಮುಗಿದಲ್ಲಿ ಮಣ್ಣು ಗೇಣುದ್ದ ಕೆಳಗಿದೆ.

ಹಾಗಾಗಿ ನಾನು ವೇಗ ನೋಡಲಿಲ್ಲ. ಏರಿನಲ್ಲಿ ಹಿಂದಿನಿಂದ ಗಾಡಿ ಬಂದಾಗ ಯಾವ ಸೈಕಲ್ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತದೆ, ಅದನ್ನು ನೋಡಿದೆ.

ಸಮತಟ್ಟಿನಲ್ಲಿ ಕರೀ ಸೈಕಲ್ಲಿನಷ್ಟು ಸುಖ ಬೇರೆ ಯಾವುದರಲ್ಲೂ ಸಿಗಲಿಲ್ಲ. ಬೆನ್ನು ನೆಟ್ಟಗೆ, ತಲೆ ಮೇಲೆ. ದೂರದ ಗಾಡಿ ನನಗೆ ಕಾಣುತ್ತದೆ, ನಾನು ಅವರಿಗೆ ಕಾಣುತ್ತೇನೆ. ಕ್ಯಾರಿಯರ್ ಮೇಲೆ ಅರ್ಧ ಚೀಲ ಅಕ್ಕಿ ಹೇರಿದರೂ ಅಲುಗುವುದಿಲ್ಲ. ಚೈನಿಗೆ ಪೂರ್ತಿ ಕವರ್ ಇರುವುದರಿಂದ ಹುಲ್ಲು ಸಿಕ್ಕುವ ಮಾತೇ ಇಲ್ಲ. ಆದರೆ ಏರು ಬಂದ ಕೂಡಲೇ ಸೋಲುತ್ತದೆ. ಚೈನು ಕೂರುವ ಹಲ್ಲುಚಕ್ರಕ್ಕೆ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಹೆಚ್ಚುಕಡಿಮೆ ಎರಡೂವರೆ ಸುತ್ತು ತಿರುಗಬೇಕು. ಕೂತು ತುಳಿಯಲು ಆಗುವುದಿಲ್ಲ. ನಿಂತು ತುಳಿದರೆ ಸೈಕಲ್ಲು ಎಡಕ್ಕೂ ಬಲಕ್ಕೂ ವಾಲುತ್ತದೆ, ಅಷ್ಟು ಜಾಗ ಈ ರಸ್ತೆಯಲ್ಲಿ ಎಲ್ಲಿದೆ? ಹೋದ ಸುಗ್ಗಿಯಲ್ಲಿ ಹೀಗೆ ವಾಲುತ್ತಲೇ ನೆಲ್ಲಿನ ರಾಶಿಯ ಕಲ್ಲಿಗೆ ತಾಗಿ ಬಿದ್ದೆ. ಹಿಂದಿನ ಟಂಟಂನವರು ಬ್ರೇಕ್ ಹಾಕಿದ್ದಕ್ಕೆ ಉಳಿದೆ. ಆಮೇಲೆ ಹಿಂದೆ 20 ಹಲ್ಲಿನ ಫ್ರೀವೀಲ್ ಹಾಕಿಸಿದೆ. ಸ್ವಲ್ಪ ಹಗುರವಾಯಿತು, ನಿಜ. ಸಾಣಾಪುರದ ಏರಿಗೆ ಅದೂ ಸಾಲಲಿಲ್ಲ, ಇಳಿದು ತಳ್ಳಿದೆ. ಮಳೆಯಲ್ಲಿ ಕಂಬಿ ಬ್ರೇಕು ಹಿಡಿಯುವುದೂ ಕಷ್ಟ. ಇಳಿಜಾರಿನಲ್ಲಿ ಇದು ದೊಡ್ಡ ಕುಂದು.

ಗೇರ್ ಸೈಕಲ್ಲಿನಲ್ಲಿ ಮುಂದೆ ಚಿಕ್ಕ ಹಲ್ಲುಚಕ್ರ 24 ಹಲ್ಲು, ಹಿಂದೆ ದೊಡ್ಡದು 28. ಪೆಡಲ್ ಪೂರ್ತಿ ಸುತ್ತಿದರೂ ಚಕ್ರ ಒಂದು ಸುತ್ತು ಬರುವುದಿಲ್ಲ. ಅಷ್ಟು ಹಗುರ! ಸೀಟಿನ ಮೇಲೆ ಕೂತೇ, ವಾಲದೆ, ಡಾಂಬರಿನ ಅಂಚಿನಿಂದ ಎರಡು ಅಡಿ ಒಳಗೆ ಒಂದೇ ಸಾಲಿನಲ್ಲಿ ಹೋಗಬಹುದು. ಅಂಚಿಗೇ ಅಂಟಿಕೊಂಡರೆ ಗಾಡಿಯವರು ಜಾಗವಿದೆ ಅಂದುಕೊಂಡು ಮೈಮೇಲೆ ಬಂದ ಹಾಗೆ ಮುಂದೆ ಹೋಗುತ್ತಾರೆ. ಎರಡು ಅಡಿ ಒಳಗಿದ್ದರೆ ತಡೆದು, ಎದುರು ನೋಡಿ ಹೋಗುತ್ತಾರೆ. ದಪ್ಪ ಟಯರ್ ಇರುವುದರಿಂದ ಮಣ್ಣಿಗೆ ಇಳಿಯಲೇಬೇಕಾದರೂ ಜಾರುವುದಿಲ್ಲ. ಒಂದು ಅಭ್ಯಾಸ ಬೇಕು. ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಬೇಕು. ಅರ್ಧ ಏರಿದ ಮೇಲೆ ಒತ್ತಿ ತುಳಿಯುತ್ತಾ ಬದಲಿಸಿದರೆ ಚೈನು ಕಳಚುತ್ತದೆ. ರಸ್ತೆಗೆ ಉದುರಿದ ಹುಲ್ಲು ಹಿಂದಿನ ಗೇರಿಗೆ ಸುತ್ತಿಕೊಳ್ಳುವುದೂ ಇದೆ, ಸುಗ್ಗಿಯಲ್ಲಿ ಎರಡು ಸಲ ನಿಂತು ಬಿಡಿಸಿದ್ದೇನೆ.

ಬ್ಯಾಟರಿ ಸೈಕಲ್ಲಿನ ಬಗ್ಗೆ ನನಗೆ ಮೊದಲು ಅನುಮಾನವಿತ್ತು. ಓಡಿಸಿದ ಮೇಲೆ ಒಂದು ವಿಷಯದಲ್ಲಿ ಮನಸ್ಸು ಬದಲಾಯಿತು. ಗೇರ್ ಸೈಕಲ್ಲಿನಲ್ಲಿ ಏರು ಹತ್ತುವಾಗ ನಾನು ನಡೆಯುವವರಿಗಿಂತ ಸ್ವಲ್ಪ ಜೋರು, ಅಷ್ಟೇ. ಬರುವ ಗಾಡಿಗಳೆಲ್ಲ ನನ್ನನ್ನು ದಾಟಬೇಕು. ಬ್ಯಾಟರಿಯದು ಅದೇ ಏರನ್ನು ಹುಲ್ಲಿನ ಟ್ರ್ಯಾಕ್ಟರಿನ ಸಮಕ್ಕೆ ಹತ್ತುತ್ತದೆ. ಏರಿನ ಮೇಲೆ ಇರುವ ಹೊತ್ತೇ ಕಡಿಮೆ, ದಾಟುವ ಗಾಡಿಯೂ ಕಡಿಮೆ. 250 ವ್ಯಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರ್ ಮೀರದ್ದು ಆದರೆ ನೋಂದಣಿಯೂ ಲೈಸೆನ್ಸೂ ಬೇಕಿಲ್ಲ. ಆದರೆ ಭಾರ ಜಾಸ್ತಿ. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಸೈಕಲ್ಲನ್ನು ಮಣ್ಣಿಗೆ ಇಳಿಸಿದರೆ ಮತ್ತೆ ಡಾಂಬರಿಗೆ ಎತ್ತಿಡುವಷ್ಟರಲ್ಲಿ ಸಾಕಾಗಿ ಹೋಗುತ್ತದೆ. ಸದ್ದಿಲ್ಲದೆ ಬರುವುದರಿಂದ ಮೇಕೆ, ನಾಯಿ, ಮಕ್ಕಳು ತಿರುಗಿ ನೋಡುವುದಿಲ್ಲ. ಬೆಲ್ ಹೊಡೆಯುತ್ತಲೇ ಇರಬೇಕು. ಗಡ್ಡಿಯ ಹತ್ತಿರ ಒಮ್ಮೆ ಚಾರ್ಜ್ ಮುಗಿದು, ಮನೆಯವರೆಗೆ ತುಳಿದು ಬಂದೆ. ಎರಡು ದಿನ ತೊಡೆ ನೋವು.

ಪಂಕ್ಚರ್ ವಿಷಯದಲ್ಲಿ ಮೂರೂ ಒಂದೇ. ಬಳ್ಳಾರಿ ಜಾಲಿಯ ಮುಳ್ಳು ಯಾವ ಟಯರನ್ನೂ ಬಿಡುವುದಿಲ್ಲ.

ನಾನು ಉಳಿಸಿಕೊಂಡಿದ್ದು ಗೇರಿನದು. ದಿನಾ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕಾದವರಿಗೆ, ಮಂಡಿ ನೋವಿರುವವರಿಗೆ ಬ್ಯಾಟರಿಯದೇ ಸರಿ ಅಂತ ಧೈರ್ಯವಾಗಿ ಹೇಳುತ್ತೇನೆ. ಗಂಗಾವತಿ ಊರೊಳಗೆ ಮಾತ್ರ ಓಡಾಡುವವರು ಕರೀ ಸೈಕಲ್ಲನ್ನು ಮಾರಬೇಡಿ. ಯಾವುದನ್ನೇ ತೆಗೆದುಕೊಂಡರೂ ಹ್ಯಾಂಡಲಿನ ಬಲಗಡೆ ಒಂದು ಕನ್ನಡಿ ಹಾಕಿಸಿ, ಗಾಡಿಗಳು ದಾಟುವುದು ಆ ಕಡೆಯಿಂದಲೇ ಅಲ್ವಾ. ತಿರುಗಿ ನೋಡಲು ಹೋದರೆ ಸೈಕಲ್ಲೂ ಅದೇ ಕಡೆ ಎಳೆಯುತ್ತದೆ. ಹಿಂದೆ ಮಿನುಗುವ ಕೆಂಪು ದೀಪವನ್ನು ನಾನು ಹಗಲಲ್ಲೂ ಹಾಕಿರುತ್ತೇನೆ.

ಸುಗ್ಗಿ ತಿಂಗಳಲ್ಲಿ ಕತ್ತಲಾದ ಮೇಲೆ ಮಾತ್ರ ಮೂರರಲ್ಲಿ ಒಂದನ್ನೂ ಹೊರಗೆ ತೆಗೆಯುವುದಿಲ್ಲ. ತಾಡಪತ್ರಿ ಮುಚ್ಚಿದ ನೆಲ್ಲಿನ ರಾಶಿ ಮತ್ತು ಅದರ ಕಲ್ಲು, ಹತ್ತಿರ ಹೋಗುವವರೆಗೂ ಯಾವ ದೀಪಕ್ಕೂ ಕಾಣುವುದಿಲ್ಲ.