ಯುರೋಪಿನೊಳಗಿನ ಬಿಸಿನೆಸ್ ಕ್ಲಾಸ್: ನಡುವಿನ ಖಾಲಿ ಸೀಟಿಗೆ ನಾನು ತೆತ್ತ 378 ಯೂರೋ

ಯುರೋಪಿನೊಳಗೆ ಎರಡು ಗಂಟೆಯ ವಿಮಾನ ಪ್ರಯಾಣಕ್ಕೆ ಬಿಸಿನೆಸ್ ಕ್ಲಾಸ್ ಕೊಳ್ಳಲು ಹೊರಟಿರುವವರು, ಅದರಲ್ಲೂ ಊರಿನಿಂದ ಬಂದ ವಯಸ್ಸಾದ ತಂದೆ ತಾಯಿಗಾಗಿ ಕೊಳ್ಳುವವರು, ದಯವಿಟ್ಟು ಹಣ ಕಟ್ಟುವ ಮೊದಲು ಇದನ್ನು ಓದಿ. ನಾನು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಆರು ವರ್ಷಗಳಿಂದ ಇದ್ದೇನೆ, ತಿಂಗಳಿಗೊಮ್ಮೆ ವಿಮಾನ ಹತ್ತುತ್ತೇನೆ, ಆದರೂ ಮೋಸ ಹೋದೆ. ಮೋಸ ಎನ್ನುವ ಪದವನ್ನು ಕಂಪನಿಯವರು ಒಪ್ಪುವುದಿಲ್ಲ. ಅವರು ಏನೆನ್ನುತ್ತಾರೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಳೆದ ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಹಾಸನದಿಂದ ಬಂದಿದ್ದರು. ಅಪ್ಪನಿಗೆ ಬಲಮಂಡಿಯ ಶಸ್ತ್ರಚಿಕಿತ್ಸೆಯಾಗಿ ಒಂದೂವರೆ ವರ್ಷವಾಗಿದೆ. ಕಾಲು ಮಡಚಿ ಅರ್ಧ ಗಂಟೆಗಿಂತ ಹೆಚ್ಚು ಕುಳಿತರೆ ನೋವು ಶುರುವಾಗುತ್ತದೆ. ರೋಮ್ ತೋರಿಸೋಣವೆಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಮೂವರಿಗೂ ಸಾಮಾನ್ಯ ದರ್ಜೆಯ ಟಿಕೆಟ್ ಮಾಡಿಸಿದ್ದೆ. ಹೊರಡುವ ಹಿಂದಿನ ಸಂಜೆ ಕಂಪನಿಯಿಂದ ಮಿಂಚಂಚೆ ಬಂತು: ತಲಾ 189 ಯೂರೋ ಕೊಟ್ಟರೆ ಬಿಸಿನೆಸ್ ಕ್ಲಾಸ್‌ಗೆ ಬಡ್ತಿ. ಅದರ ಜೊತೆಗಿದ್ದ ಚಿತ್ರದಲ್ಲಿ ಒಬ್ಬ ಹೆಂಗಸು ಬಿಳಿ ಹೊದಿಕೆ ಹೊದ್ದು, ಕಾಲನ್ನು ಉದ್ದಕ್ಕೆ ಚಾಚಿ, ಕಣ್ಣು ಮುಚ್ಚಿ ಮಲಗಿದ್ದಳು. ಆ ಚಾಚಿದ ಕಾಲನ್ನು ನೋಡಿಯೇ ನಾನು ಬಿದ್ದೆ. ಅಪ್ಪ ಅಮ್ಮ ಇಬ್ಬರಿಗೂ ಸೇರಿ 378 ಯೂರೋ, ನಮ್ಮ ಲೆಕ್ಕದಲ್ಲಿ 35,000 ರೂಪಾಯಿಗೂ ಮೇಲೆ, ಎರಡು ನಿಮಿಷದಲ್ಲಿ ಕಟ್ಟಿಬಿಟ್ಟೆ. ಅಷ್ಟು ಸಾಲದೆಂಬಂತೆ ಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ನಾಳೆ ಅಪ್ಪ ಮಲಗಿಕೊಂಡೇ ರೋಮ್‌ಗೆ ಹೋಗುತ್ತಾರೆ ಎಂದು ಹೇಳಿದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮರುದಿನ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಬಿಸಿನೆಸ್ ಕ್ಲಾಸಿನವರನ್ನು ಮೊದಲು ಕರೆದರು, ನಿಜ. ಆದರೆ ಕರೆದದ್ದು ವಿಮಾನಕ್ಕಲ್ಲ, ಬಸ್ಸಿಗೆ. ಮೊದಲು ಹತ್ತಿದ ಅಪ್ಪ ಅಮ್ಮ ಬಸ್ಸಿನ ಒಳಮೂಲೆಯಲ್ಲಿ ಕಂಬ ಹಿಡಿದು ನಿಂತರು. ಕೊನೆಗೆ ಹತ್ತಿದ ಹುಡುಗರು ಬಾಗಿಲ ಬಳಿ ನಿಂತು, ಎಲ್ಲರಿಗಿಂತ ಮುಂಚೆ ಇಳಿದು, ಎಲ್ಲರಿಗಿಂತ ಮುಂಚೆ ವಿಮಾನದ ಮೆಟ್ಟಿಲು ಏರಿದರು.

ಒಳಗೆ ಹೋಗಿ ನೋಡಿದರೆ ಅಪ್ಪನ ಸೀಟು, ಅಮ್ಮನ ಸೀಟು, ಹಿಂದೆ ನಾನು ಕೂರಬೇಕಿದ್ದ ಸೀಟು, ಎಲ್ಲವೂ ಒಂದೇ. ಹೋಲುತ್ತವೆ ಎಂದಲ್ಲ, ಒಂದೇ ಸೀಟು. ಆಚೆ ಮೂರು, ಈಚೆ ಮೂರು, ಅದೇ ಅಗಲ, ಅದೇ ತೆಳುವಾದ ಬೆನ್ನು. ವ್ಯತ್ಯಾಸವೆಂದರೆ ನಡುವಿನ ಸೀಟನ್ನು ಖಾಲಿ ಬಿಟ್ಟು ಅದರ ಮೇಲೆ ಲೋಟ ಇಡಲು ಒಂದು ಪುಟ್ಟ ಹಲಗೆ ಸಿಕ್ಕಿಸಿದ್ದರು. ಆ ಹಲಗೆಯಿಂದಾಗಿ ಅಲ್ಲಿ ಕಾಲು ಇಡುವಂತೆಯೂ ಇರಲಿಲ್ಲ. ಅಪ್ಪ ಕುಳಿತ ಮೇಲೆ ಅವರ ಮಂಡಿಗೂ ಮುಂದಿನ ಸೀಟಿನ ಬೆನ್ನಿಗೂ ನಡುವೆ ನಾಲ್ಕು ಬೆರಳು ಜಾಗವಿತ್ತು. ನಾನು ಬೆರಳಿಟ್ಟೇ ನೋಡಿದೆ. ಬೆಂಗಳೂರಿನಿಂದ ಬರುವಾಗ ದೊಡ್ಡ ವಿಮಾನದ ಮುಂಭಾಗದಲ್ಲಿ ಮಂಚದಂಥ ಸೀಟುಗಳನ್ನು ದಾಟಿ ಹಿಂದಕ್ಕೆ ಹೋಗಿದ್ದ ಅಪ್ಪ, ಈಗ ಸುತ್ತ ಒಮ್ಮೆ ನೋಡಿ, ಮೆಲ್ಲಗೆ ಕೇಳಿದರು: "ಏನಪ್ಪಾ, ನಡುವೆ ಯಾರೂ ಕೂರಬಾರದು ಅಂತ ಇಷ್ಟು ದುಡ್ಡು ಕೊಟ್ಟೆಯಾ?"

ನಾನು ಗಗನಸಖಿಯನ್ನು ಕೇಳಿದೆ, ಬಿಸಿನೆಸ್ ಕ್ಲಾಸ್ ಎಲ್ಲಿದೆ ಎಂದು. ಹೌದು, ಹಾಗೆಯೇ ಕೇಳಿದೆ. ಆಕೆ ನಗುತ್ತಾ, ನೀವು ಅದರಲ್ಲೇ ನಿಂತಿದ್ದೀರಿ ಎಂದರು. ಬಡ್ತಿಯ ಚಿತ್ರವನ್ನು ಫೋನಿನಲ್ಲಿ ತೋರಿಸಿದಾಗ, ಅದು ದೂರ ಪ್ರಯಾಣದ ವಿಮಾನದ ಚಿತ್ರ, ಯುರೋಪಿನಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆ ಎಂದು ಸಮಾಧಾನದಿಂದಲೇ ಹೇಳಿದರು. ಆಕೆ ಹೇಳಿದ್ದು ಬಹುಮಟ್ಟಿಗೆ ನಿಜ. ಇಲ್ಲಿನ ದೊಡ್ಡ ಕಂಪನಿಗಳಲ್ಲಿ ಹೆಚ್ಚಿನವು ಏರ್‌ಬಸ್ 320, ಬೋಯಿಂಗ್ 737ರಂಥ ವಿಮಾನಗಳಲ್ಲಿ ಒಂದೇ ಬಗೆಯ ಸೀಟು ಹಾಕಿಸಿ, ನಡುವೆ ಸರಿಸಬಹುದಾದ ಒಂದು ಪರದೆ ಇಟ್ಟಿರುತ್ತವೆ. ಬೆಳಗ್ಗೆ ಕಚೇರಿ ಕೆಲಸದವರು ಹೆಚ್ಚಿದ್ದರೆ ಪರದೆ ಹಿಂದಕ್ಕೆ ಹೋಗುತ್ತದೆ, ಸಂಜೆ ಕಡಿಮೆಯಾದರೆ ಮುಂದಕ್ಕೆ ಬರುತ್ತದೆ. ಅಂದರೆ ಅದೇ ಸೀಟು ಬೆಳಗ್ಗೆ ಬಿಸಿನೆಸ್, ಸಂಜೆ ಸಾಮಾನ್ಯ. ನಮ್ಮಲ್ಲಿ ದೆಹಲಿ–ಬೆಂಗಳೂರು ನಡುವೆ ಏರ್ ಇಂಡಿಯಾದ ಸಣ್ಣ ವಿಮಾನದಲ್ಲೂ ಬಿಸಿನೆಸ್ ಕ್ಲಾಸ್ ಎಂದರೆ ಎರಡೆರಡರಂತೆ ಜೋಡಿಸಿದ ಅಗಲ ಸೀಟು. ನನ್ನ ತಲೆಯಲ್ಲಿ ಇದ್ದದ್ದು ಅದು. ಭಾರತದಿಂದ ಬಂದವರು ಇಲ್ಲಿ ಎಡವುವುದು ಇದೇ ಕಾರಣಕ್ಕೆ.

ಇನ್ನೂ ಹೊಟ್ಟೆ ಉರಿಸುವ ಸಂಗತಿಯೆಂದರೆ, ಪರದೆಯ ಹಿಂದೆ ತುರ್ತು ಬಾಗಿಲಿನ ಸಾಲಿನಲ್ಲಿ 28 ಯೂರೋ ಹೆಚ್ಚು ಕೊಟ್ಟು ಕುಳಿತಿದ್ದ ನನಗೆ ಕಾಲು ಪೂರ್ತಿ ಚಾಚುವಷ್ಟು ಜಾಗವಿತ್ತು. ಆ ಸಾಲಿನಲ್ಲಿ ಮಂಡಿ ನೋವಿನವರನ್ನು ಕೂರಿಸುವುದಿಲ್ಲ, ಆಪತ್ತಿನಲ್ಲಿ ಬಾಗಿಲು ತೆರೆಯಲು ನೆರವಾಗಬಲ್ಲವರೇ ಅಲ್ಲಿರಬೇಕು, ಅದು ಸರಿಯಾದ ನಿಯಮವೇ. ಆದರೆ ಎರಡು ಗಂಟೆ ನಾನು ಕಾಲು ಚಾಚಿ ಕುಳಿತು, ಮುಂದೆ ಬಿಸಿನೆಸ್ ಕ್ಲಾಸಿನಲ್ಲಿ ಅಪ್ಪ ಮಂಡಿ ಉಜ್ಜಿಕೊಳ್ಳುವುದನ್ನು ಪರದೆಯ ಸಂದಿಯಲ್ಲಿ ನೋಡುತ್ತಿದ್ದೆ. ಊಟಕ್ಕೆ ಮೀನು ಬಂತು. ಸಸ್ಯಾಹಾರ ಬೇಕಿದ್ದರೆ 24 ಗಂಟೆ ಮೊದಲೇ ತಿಳಿಸಬೇಕಿತ್ತಂತೆ. ಬಡ್ತಿಯನ್ನು ಅವರು ಮಾರಿದ್ದೇ 15 ಗಂಟೆ ಮೊದಲು! ಅಮ್ಮ ಚೀಲದಿಂದ ಚಪಾತಿ, ಚಟ್ನಿಪುಡಿ ತೆಗೆದರು. ಆ ಹೊತ್ತಿಗೆ ಬಂದಿದ್ದ ಅಕ್ಕನ ಸಂದೇಶವನ್ನು ನಾನು ನೋಡಿದ್ದು ರೋಮ್‌ನಲ್ಲಿ ಇಳಿದ ಮೇಲೆ: ಅಪ್ಪ ಮಲಗಿರುವ ಫೋಟೋ ಕಳಿಸು.

ಕಂಪನಿಗೆ ಮೂರು ಪತ್ರ ಬರೆದೆ. ಮೊದಲನೆಯದಕ್ಕೆ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂಬ ಉತ್ತರ. ಎರಡನೆಯದಕ್ಕೆ, ಚಿತ್ರದ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ "ವಿಮಾನಕ್ಕೆ ಅನುಗುಣವಾಗಿ ಆಸನ ಬದಲಾಗಬಹುದು" ಎಂದಿರುವುದನ್ನು ಗಮನಿಸಿ, ಪಕ್ಕದ ಖಾಲಿ ಸೀಟೇ ನಮ್ಮ ಯುರೋಪ್ ಬಿಸಿನೆಸ್ ಕ್ಲಾಸಿನ ವೈಶಿಷ್ಟ್ಯ, ಅದು ನಿಮ್ಮ ಹೆತ್ತವರಿಗೆ ದೊರೆತಿದೆ ಎಂಬ ಉತ್ತರ. ಮೂರನೆಯ ಸಲ ನಾನು ಕಾನೂನು ಹಿಡಿದೆ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮಾವಳಿಯ 10ನೇ ವಿಧಿಯ ಪ್ರಕಾರ, ಕೊಂಡ ದರ್ಜೆಗಿಂತ ಕೆಳದರ್ಜೆಯಲ್ಲಿ ಕೂರಿಸಿದರೆ, 1,500 ಕಿಲೋಮೀಟರ್‌ವರೆಗಿನ ಪ್ರಯಾಣಕ್ಕೆ ಟಿಕೆಟ್ ದರದ ಶೇಕಡಾ 30ರಷ್ಟನ್ನು ಏಳು ದಿನದೊಳಗೆ ಹಿಂದಿರುಗಿಸಬೇಕು. ಸಾಮಾನ್ಯ ದರ್ಜೆಯ ಸೀಟಿನಲ್ಲಿ ಕೂರಿಸಿದ್ದೀರಲ್ಲ, ಕೊಡಿ ಎಂದೆ. ಅವರ ಉತ್ತರ ಒಂದೇ ಸಾಲು: ನಿಮ್ಮ ಹೆತ್ತವರು ಪರದೆಯ ಮುಂದೆ ಕುಳಿತಿದ್ದರಾದ್ದರಿಂದ ಅವರನ್ನು ಕೆಳದರ್ಜೆಗೆ ಇಳಿಸಲಾಗಿಲ್ಲ. ಪರದೆ! 378 ಯೂರೋ ತೆತ್ತದ್ದು ಒಂದು ಬಟ್ಟೆಯ ತುಂಡಿನ ಮುಂದೆ ಕೂರಲು.

ಲೌಂಜ್, ಹೆಚ್ಚಿನ ಲಗೇಜ್, ಬೇಗ ಭದ್ರತಾ ತಪಾಸಣೆ, ಇವು ಬೇಕಿರುವವರು ಅಥವಾ ಕಚೇರಿಯ ಹಣದಲ್ಲಿ ಹೋಗುವವರು ಕೊಳ್ಳಲಿ, ನನ್ನ ತಕರಾರಿಲ್ಲ. ಕಾಲಿಗಾಗಿ ಕೊಳ್ಳಬೇಡಿ. ಹಣ ಕಟ್ಟುವ ಮುಂಚೆ ಸೀಟುಗಳ ನಕ್ಷೆ ತೆರೆದು ನೋಡಿ. ಮುಂದಿನ ಸಾಲುಗಳಲ್ಲೂ ಮೂರು ಮೂರು ಇದ್ದರೆ ಪುಟವನ್ನು ಮುಚ್ಚಿಬಿಡಿ. ನಡೆಯಲು ಕಷ್ಟವಿರುವವರಿಗೆ ಗಾಲಿಕುರ್ಚಿಯ ನೆರವು ಇಲ್ಲಿ ಕಾನೂನಿನ ಪ್ರಕಾರ ಉಚಿತ, ಪ್ರಯಾಣಕ್ಕೆ 48 ಗಂಟೆ ಮೊದಲು ಕಂಪನಿಗೆ ತಿಳಿಸಿದರಾಯಿತು. ನಾನು ಅದನ್ನು ಕೇಳಲೇ ಇಲ್ಲ, ಬಿಸಿನೆಸ್ ಕ್ಲಾಸ್ ಇದೆಯಲ್ಲ ಎಂಬ ಗತ್ತು. ಬರುವಾಗ ಕೇಳಿದೆ, ಮತ್ತು ಅಪ್ಪನಿಗೆ 19 ಯೂರೋ ಕೊಟ್ಟು 17ನೇ ಸಾಲಿನ ಸಿ ಸೀಟು ಹಿಡಿದೆ. ಬಲಗಾಲು ನೋಯುವವರಿಗೆ ಸಿ, ಎಡಗಾಲು ನೋಯುವವರಿಗೆ ಡಿ. ಆಗ ನೋಯುವ ಕಾಲು ಓಡಾಡುವ ದಾರಿಯ ಕಡೆಗಿರುತ್ತದೆ. ಅಪ್ಪ ದಾರಿಗೆ ಕಾಲು ಚಾಚಿ, ಟ್ರಾಲಿ ಬಂದಾಗ ಮಾತ್ರ ಎಳೆದುಕೊಂಡು, ಆಮ್‌ಸ್ಟರ್‌ಡ್ಯಾಮ್ ಬರುವವರೆಗೆ ನಿದ್ದೆ ಮಾಡಿದರು. ಆ ಫೋಟೋವನ್ನೇ ಅಕ್ಕನಿಗೆ ಕಳಿಸಿದೆ.

ಕಂಪನಿಯವರು ಕೊನೆಗೆ ಸದ್ಭಾವನೆಯ ಕುರುಹಾಗಿ 50 ಯೂರೋ ವೋಚರ್ ಕಳಿಸಿದ್ದಾರೆ. ಅದನ್ನು ಬಳಸಬಹುದಾದದ್ದು ಮುಂದಿನ ಬಡ್ತಿಗೆ ಮಾತ್ರ.